ಶಟರ್ ಟಿವಿಯ ಹೊಟ್ಟೆ

ನಮ್ಮ ಮನೆಯಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಪಾತ್ರೆಗಳಿಗೆ. ಆ ದಿನ ನನ್ನ ಅತ್ತೆ ಕಾಂತಮ್ಮ ಮುದ್ದೆ ಕೋಲನ್ನು ಕುಕ್ಕಿದ ಸದ್ದಿಗೆ ಹಿತ್ತಲ ಬೆಕ್ಕು ಬೇಲಿ ಹಾರಿ ಓಡಿತು. ಇಷ್ಟಕ್ಕೆಲ್ಲ ಕಾರಣ ನಮ್ಮ ಯಜಮಾನರು ಕೀರ್ತಿಕುಮಾರ್. ಕುಶಾಲನಗರದಿಂದ ಪಿಕಪ್ಪಿನಲ್ಲಿ ಗೊಬ್ಬರ ತಂದಿದ್ದರು. ಆ ಮೂಟೆಗಳ ಅಡಿಯಿಂದ ಒಂದು ರಟ್ಟಿನ ಡಬ್ಬವನ್ನು ಎಳೆದು ಜಗಲಿಯ ಮೇಲಿಟ್ಟರು. ಡಬ್ಬ ಅಲುಗಿದರೆ ಒಳಗೆ ಗಾಜಿನ ಚೂರು ಜಲಜಲ ಎನ್ನುತ್ತಿತ್ತು.

ಡಬ್ಬದಲ್ಲಿದ್ದದ್ದು ನನ್ನ ಮಗಳು ಚಂದನಾ ತರಿಸಿಕೊಂಡಿದ್ದ ಕಂಪ್ಯೂಟರಿನ ಕ್ಯಾಬಿನೆಟ್, ಅಂದರೆ ಒಳಗಿನ ಸಾಮಾನನ್ನೆಲ್ಲ ಕೂರಿಸುವ ಪೆಟ್ಟಿಗೆ. ಒಂದು ಪಕ್ಕ ಪೂರ್ತಿ ಗಾಜಿನದಂತೆ. ಯಾಕೆ ಗಾಜು ಎಂದು ನಾನು ಕೇಳಿದ್ದೆ. ಒಳಗಿನ ಲೈಟು ಕಾಣಲಿ ಅಂತ ಎಂದಿದ್ದಳು.

"ಅಪ್ಪಾ, ಡಬ್ಬದ ಮೇಲೆ ಲೋಟದ ಚಿತ್ರ ಹಾಕಿತ್ತಲ್ಲ, ನೋಡ್ಲಿಲ್ವಾ?"

"ನೋಡ್ದೆ ಕಣವ್ವ. ಲೋಟದ ಚಿತ್ರ ಐತೆ, ಲೋಟ ಇರ್ಬೇಕು ಅಂದ್ಕಂಡೆ. ಸ್ಟೀಲ್ ಲೋಟದ ಮೇಲೆ ಮೂಟೆ ಇಟ್ರೆ ಏನಾಯ್ತದೆ?"

ಚಂದನಾ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಿಸಿಎ ಮುಗಿಸಿದ ಮೇಲೆ ಈ ಹುಡುಗಿ ಬೇರೆ ಏನನ್ನೂ ಕೇಳಿರಲಿಲ್ಲ. ಮದುವೆ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಚೆಂದ ಮಾಡುವ ಕೆಲಸ ಕಲಿತಿದ್ದಳು. ಕುಶಾಲನಗರದಲ್ಲಿ ಸ್ಟುಡಿಯೊ ಇಟ್ಟಿರುವ ದಿಗಂತ್ ಎಂಬ ಹುಡುಗ ಒಂದು ಮದುವೆಯ ರೆಕಾರ್ಡಿಂಗ್ ಕೊಟ್ಟು, "ಇದೊಂದು ಮಾಡಿ ತೋರಿಸಿ ಮೇಡಂ. ವಿಜಯದಶಮಿ ದಿನ ಬೀಗರ ಔತಣದಲ್ಲಿ ದೊಡ್ಡ ಪರದೆ ಮೇಲೆ ಹಾಕ್ಬೇಕಂತೆ. ಹಿಂದಿನ ದಿನ ಸಂಜೆಯೊಳಗೆ ಕೈಗೆ ಬಂದ್ರೆ ಇನ್ಮೇಲೆ ನಮ್ಮ ಮದುವೆಗಳೆಲ್ಲ ನಿಮಗೇ. ಇಲ್ಲಾಂದ್ರೆ ಮೈಸೂರಿನವರು ಕಾಯ್ತಾ ಇದ್ದಾರೆ" ಎಂದಿದ್ದ. ಹಳೆಯ ಲ್ಯಾಪ್‌ಟಾಪು ಆ ರೆಕಾರ್ಡಿಂಗ್ ತೆರೆದ ಕೂಡಲೇ ಉಸಿರು ನಿಲ್ಲಿಸುತ್ತಿತ್ತು. ಅದಕ್ಕೇ ಬಿಡಿಬಿಡಿಯಾಗಿ ಸಾಮಾನು ತರಿಸಿ ತಾನೇ ಹೊಸ ಕಂಪ್ಯೂಟರ್ ಜೋಡಿಸಲು ಹೊರಟಿದ್ದಳು. ಮಿಕ್ಕಿದ್ದೆಲ್ಲ ಮೊದಲೇ ಬಂದು ಅವಳ ಮಂಚದ ಮೇಲೆ ಬೆಚ್ಚಗೆ ಮಲಗಿತ್ತು. ಪೆಟ್ಟಿಗೆ ಮಾತ್ರ ಗೊಬ್ಬರದ ಅಡಿ ಸಿಕ್ಕಿತು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಮುದ್ದೆ ಮುರಿಯುತ್ತಾ ಸಮಾಧಾನ ಮಾಡಲು ನೋಡಿದರು.

"ಪೆಟ್ಗೆ ಇಲ್ದಿದ್ರೆ ಏನಂತೆ, ಮೇಜಿನ್ ಮೇಲೇ ಹರಡ್ಕಂಡು ಮಾಡು."

"ಮೇಲಿಂದ ಹಲ್ಲಿ ಬಿದ್ರೆ ಎಲ್ಲ ಸುಟ್ಟೋಗುತ್ತಪ್ಪ."

"ಹಲ್ಲಿ ಬಿದ್ರೆ ಶಕುನ ನೋಡಣ ಬಿಡು."

"ನಿನ್ ಬಾಯಿಗೆ ಬಸ್ಸಾರು ಹಾಕ. ಸುಮ್ನೆ ಉಣ್ಣು" ಎಂದು ಅತ್ತೆ ಮಗನನ್ನು ಗದರಿದರು. ಆಮೇಲೆ ಸೌಟು ಹಿಡಿದುಕೊಂಡೇ ಹಜಾರದ ಮೂಲೆಯನ್ನು ನೋಡಿದರು. ನೋಡುತ್ತಲೇ ನಿಂತರು.

ಆ ಮೂಲೆಯಲ್ಲಿದ್ದದ್ದು ನಮ್ಮ ಮಾವ ಪರಮೇಶಪ್ಪನವರ ಟಿವಿ. ಶಿರಂಗಾಲದ ನಮ್ಮ ಬೀದಿಗೇ ಮೊದಲು ಬಂದ ಟಿವಿ. ನಾಲ್ಕು ಕಾಲು, ಮರದ ಮೈ, ಅಕ್ಕಿ ಪೆಟ್ಟಿಗೆಯಷ್ಟು ಗಾತ್ರ, ಎರಡೂ ಕಡೆಗೆ ಸರಿಯುವ ಮರದ ಶಟರು, ಶಟರಿಗೊಂದು ಬೀಗ. ಬೀಗದ ಕೈ ಮಾವನ ಉಡಿದಾರದಲ್ಲಿ. ಹಿಂದೆ ಭಾನುವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಚಪ್ಪಲಿ ಇಡಲು ಜಾಗ ಇರುತ್ತಿರಲಿಲ್ಲವಂತೆ. ಮಾವ ಮಡಿ ಪಂಚೆ ಉಟ್ಟು ಬಂದು ಬೀಗ ತೆಗೆದು ಶಟರು ಸರಿಸಿದರೆ ಜನ ಉಸಿರು ಬಿಗಿಹಿಡಿಯುತ್ತಿದ್ದರಂತೆ. ಟಿವಿ ಕೆಟ್ಟು ಎಷ್ಟೋ ವರ್ಷವಾಯಿತು. ನಾವೆಲ್ಲ ಈಗ ನೋಡುವುದು ಗೋಡೆಗೆ ನೇತುಹಾಕಿದ ಬೇರೆ ಟಿವಿ. ಆದರೆ ಮಾವನನ್ನು ಕೇಳಿದರೆ, "ಅದಕ್ಕೇನಾಗೈತೆ? ಒಂದ್ ಚೂರು ರಿಪೇರಿ ಅಷ್ಟೆ" ಎನ್ನುತ್ತಾರೆ. ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ, ಶಟರು ತೆಗೆದು ಪೂಜೆ ಮಾಡಿ ಮತ್ತೆ ಬೀಗ ಹಾಕುತ್ತಾರೆ.

ಅತ್ತೆಗೆ ಆ ಟಿವಿ ಕಂಡರೆ ಆಗದು. "ಊರೋರು ನೋಡಿದ್ದು ಟಿವಿ, ನಾ ನೋಡಿದ್ದು ಒಲೆ. ಒಂದ್ ಭಾನ್ವಾರನಾದ್ರೂ ಒಂದ್ ಕತೆ ತಲೆಯಿಂದ ಬಾಲದ ತನಕ ನೋಡಿದೀನಾ? ಕೊಳದಪ್ಪಲೆ ತುಂಬ ಕಾಫಿ ಕಾಯ್ಸಿ ಕಾಯ್ಸಿ ಹೊಗೆಗೆ ಕಣ್ಣೇ ಮಂಜಾಯ್ತು."

"ಚಂದೂ," ಎಂದರು ಈಗ, ದನಿ ತಗ್ಗಿಸಿ. "ಆ ಪೆಟ್ಗೆ ಆಯ್ತದಾ ನಿಂಗೆ?"

ಚಂದನಾಳ ಕೈ ತಟ್ಟೆಯಲ್ಲೇ ನಿಂತಿತು. "ಆಗುತ್ತೆ ಅಜ್ಜಿ. ಹಿಂದೆ ಗಾಳಿ ಆಡೋ ತೂತುಗಳೂ ಇವೆ. ಆದ್ರೆ ತಾತ?"

"ತಾತ ಸೋಮವಾರ ಕೊಡ್ಲಿಪೇಟೆಗೆ ತಂಗಿ ಮನೆ ಗೃಹಪ್ರವೇಶಕ್ಕೆ ಹೊಂಟವ್ರೆ. ನಂಗೆ ಮಂಡಿನೋವು."

"ಮಂಡಿನೋವು ಯಾವಾಗಿಂದವ್ವ?" ಎಂದರು ಯಜಮಾನರು.

"ಸೋಮವಾರದಿಂದ."

ಮಾವನ ಬಸ್ಸು ತಿರುವು ದಾಟುವುದೇ ತಡ, ಅತ್ತೆ ಸೀರೆ ಸೆರಗು ಸಿಕ್ಕಿಸಿಕೊಂಡು ಟಿವಿಯನ್ನು ಗೋಡೆಯಿಂದ ಈಚೆಗೆ ತಳ್ಳಿದರು. ಶಟರಿಗೆ ಬೀಗವಿದ್ದರೇನು, ಹಿಂದಿನ ಹಲಗೆಗೆ ಬರೀ ಸ್ಕ್ರೂ ತಾನೆ. ಒಳಗೆ ಹಲ್ಲಿ ಮೊಟ್ಟೆ, ಲಗ್ನಪತ್ರಿಕೆಗಳನ್ನು ಕಡಿದು ಇಲಿ ಕಟ್ಟಿದ ಗೂಡು, ಗೂಡಿನ ನಡುವೆ ಒಂದು ಕಾಫಿ ಚಮಚ. ಪಕ್ಕದ ಮನೆ ರುದ್ರಮ್ಮನೇ ಅದನ್ನು ಕದ್ದದ್ದು ಎಂದು ಅತ್ತೆ ನಂಬಿಕೊಂಡು ವರ್ಷಗಳೇ ಆಗಿದ್ದವು. ಚಮಚವನ್ನು ಸೆರಗಿನಲ್ಲಿ ಒರೆಸಿ, "ಇದ್ನ ಯಾರ್ಗೂ ಹೇಳ್ಬೇಡಿ" ಎಂದರು.

ಕಷ್ಟವಾದದ್ದು ಪಿಕ್ಚರ್ ಟ್ಯೂಬು. ಮುಂದೆ ಅಗಲ ಗಾಜು, ಹಿಂದೆ ಸಣ್ಣ ಕುತ್ತಿಗೆ, ಒಳ್ಳೆ ಭಾರ. ಒಡೆದರೆ ಸಿಡಿಯುತ್ತದೆ ಎಂದು ಚಂದನಾ ಹೆದರಿಸಿದ್ದರಿಂದ ಯಜಮಾನರು ಅದನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಎತ್ತಿದರು. ಪಾಪ, ಗಾಜಿನ ಮೇಲೆ ಅವರಿಗೆ ಈಗ ಭಕ್ತಿ ಬಂದಿತ್ತು.

"ಎಲ್ಲಿಡಣವ್ವ?"

"ಅಟ್ಟದ್ ಮೇಲಿಡು, ಗೋಣಿಚೀಲ ಸುತ್ತಿ. ಬೂದುಗುಂಬಳದ ಮಧ್ಯೆ ಇಟ್ರೆ ಯಾರ್ಗೂ ಕಾಣಲ್ಲ. ಕೆಲ್ಸ ಮುಗುದ್ಮೇಲೆ ವಾಪಸ್ ತುರುಕಿದ್ರಾಯ್ತು. ಪೂಜೆಗೆ ಇನ್ನೂ ಎಷ್ಟ್ ದಿನ ಐತೆ."

ಆಮೇಲೆ ಜೋಡಣೆ. ಮದರ್‌ಬೋರ್ಡು ಎಂಬ ಹಸಿರು ತಗಡನ್ನು ಕೂರಿಸಲು ಒಂದು ಗಟ್ಟಿ ಹಲಗೆ ಬೇಕೆಂದಾಗ ನಮ್ಮ ಯಜಮಾನರು ಅಡುಗೆಮನೆಗೆ ನುಗ್ಗಿ ನನ್ನ ಒಬ್ಬಟ್ಟಿನ ಮಣೆ ತಂದರು. ನಾನು ಬೇಡ ಎನ್ನುವಷ್ಟರಲ್ಲಿ ಅದಕ್ಕೆ ತೂತು ಬಿದ್ದಿತ್ತು. ಆ ಮಣೆ ನನ್ನ ತವರಿನದು. ಹೇಳಿದರೆ ಯಾರು ಕೇಳುತ್ತಾರೆ? ಚಂದನಾ ಫ್ಯಾನು ಕಟ್ಟಿದಳು, ವೈರು ಸಿಕ್ಕಿಸಿದಳು, ಹಿಂದಿನ ಹಲಗೆ ಮುಚ್ಚಿದಳು. ಪರದೆಯನ್ನು ಟಿವಿಯ ನೆತ್ತಿಯ ಮೇಲಿಟ್ಟು ಸ್ವಿಚ್ ಒತ್ತಿದಳು. ಗುಂಯ್ ಎಂದು ಸದ್ದಾಗಿ ಪರದೆ ಬೆಳಗಿತು. ಅತ್ತೆ ಕೈಮುಗಿದರು. ಚಂದನಾ ಅಜ್ಜಿಯನ್ನು ಅಪ್ಪಿಕೊಂಡು ಗಿರಗಿರನೆ ತಿರುಗಿಸಿದಳು, ಮಂಡಿನೋವಿನ ಸುದ್ದಿಯೇ ಇರಲಿಲ್ಲ.

ಮಾವ ವಾಪಸ್ ಬಂದವರು ಕೊಡೆ ಮೂಲೆಗಿಟ್ಟು ಟಿವಿಯ ಮುಂದೆ ನಿಂತರು.

"ಇದೇನು, ನನ್ ಟಿವಿ ತಲೆ ಮೇಲೆ?"

"ನನ್ನ ಕಂಪ್ಯೂಟರ್ ತಾತ."

"ಇಷ್ಟೇನಾ? ರೊಟ್ಟಿ ಹಂಗೈತೆ. ಇಷ್ಟ್ ತೆಳ್ಳಗಿದ್ರೆ ಇದ್ರ ಮಿದುಳು ಎಲ್ಲಿರ್ತದೆ?"

"ಒಳಗೇ ಇದೆ ತಾತ."

"ಯಾವ್ದರ ಒಳಗೆ?"

ನನ್ನ ಕೈಯಿಂದ ಸೌಟು ಬಿತ್ತು. ಆ ಸದ್ದಿನಲ್ಲಿ ಪ್ರಶ್ನೆ ಮುಚ್ಚಿಹೋಯಿತು.

ಅಂದಿನಿಂದ ನಮ್ಮದು ಕಳ್ಳರ ಸಂಸಾರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಶಟರಿನ ಸಂದಿಯಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಇಣುಕುತ್ತಿತ್ತು.

"ಕಾಂತಾ, ಟಿವಿ ಒಳಗೆ ಏನೋ ಮಿಣಿಮಿಣಿ ಅಂತೈತೆ."

"ಮಿಣುಕುಹುಳ ಇರ್ಬೇಕು ಕಣ್ರೀ."

"ನೀಲಿ ಮಿಣುಕುಹುಳನಾ?"

"ಕಾಲ ಕೆಟ್ಟೋಗೈತೆ. ಹುಳಾನೂ ಕೆಡ್ತವೆ."

ಮಾವ ನಂಬಿದರೋ ಇಲ್ಲವೋ, ಅಲ್ಲಿಂದ ಎದ್ದು ಹೋಗಲಂತೂ ಇಲ್ಲ. ಅವರಿಗೆ ಅಲ್ಲೊಂದು ಹೊಸ ಚಟ ಹತ್ತಿತು. ಚಂದನಾ ಕೆಲಸಕ್ಕೆ ಕೂತರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಯಾರದೋ ಮದುವೆಯನ್ನು ಕಣ್ಣು ಕೀಲಿಸಿ ನೋಡತೊಡಗಿದರು.

"ನಿಲ್ಸು ನಿಲ್ಸು. ಆ ಬಿಳಿ ಟೋಪಿ ಮುದ್ಕ ಯಾರು? ಧಾರೆ ಹಿಂದಿನ ರಾತ್ರಿ ಊಟಕ್ಕೆ ಮೊದಲ್ನೇ ಪಂಕ್ತೀಲೂ ಅವ್ನೆ, ಎರಡನೇದ್ರಲ್ಲೂ ಅವ್ನೆ."

ಚಂದನಾ ಮುಂದೆ ಓಡಿಸಿದಳು. ಮೂರನೆಯ ಪಂಕ್ತಿಯಲ್ಲೂ ಅದೇ ಟೋಪಿ, ಎಲೆಯ ಮೇಲೆ ಹೊಸ ಹೋಳಿಗೆ. ತಾತ, ಮೊಮ್ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮೂರು ಊಟವನ್ನೂ ಒಂದರ ಹಿಂದೆ ಒಂದು ಜೋಡಿಸಿ ಚಂದನಾ ವಿಡಿಯೊದಲ್ಲಿ ಸೇರಿಸಿದಳು. ಹುಡುಗಿಯ ತಾಯಿ ಕಣ್ಣೊರೆಸಿಕೊಂಡ ಜಾಗವನ್ನು ಹುಡುಕಿ ಕೊಟ್ಟದ್ದೂ ಮಾವನೇ. "ಅದ್ನ ಬಿಡ್ಬೇಡ. ಧಾರೆಗಿಂತ ಅದೇ ಮುಖ್ಯ" ಎಂದರು. ಅವರು ಹೀಗೆ ಒಳ್ಳೆಯವರಾದಷ್ಟೂ ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಹೇಳಿಬಿಡೋಣ ಎಂದರೆ ಅತ್ತೆ, "ಹೇಳು, ಆಮೇಲೆ ಆ ಟಿವಿ ಇನ್ನೂ ಇಪ್ಪತ್ ವರ್ಷ ಅಲ್ಲೇ ಇರ್ತದೆ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕೆಲಸ ನವರಾತ್ರಿಯ ಮೊದಲೇ ಮುಗಿಯಬೇಕಿತ್ತು. ಮಳೆಗಾಳಿಗೆ ಲೈನಿನ ಮೇಲೆ ಮರ ಬಿತ್ತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ಸರಿಯಾಗಿ ಬಂದದ್ದು ಆಯುಧಪೂಜೆಯ ದಿನ ಬೆಳಿಗ್ಗೆ. ಚಂದನಾ ಮುಖವನ್ನೂ ತೊಳೆಯದೆ ಓಡಿ ಸ್ವಿಚ್ ಹಾಕಿದಳು.

"ಎಡಿಟಿಂಗ್ ಎಲ್ಲ ಆಗಿದೆಯಮ್ಮ. ಇನ್ನು ರೆಂಡರ್ ಆಗ್ಬೇಕು ಅಷ್ಟೆ. ಎಲ್ಲಾ ಸೇರಿ ಒಂದೇ ವಿಡಿಯೊ ಆಗೋದು. ಸಂಜೆವರೆಗೂ ಹಿಡಿಯುತ್ತೆ. ಮಧ್ಯೆ ಆಫ್ ಮಾಡಂಗಿಲ್ಲ."

ನಾನು, ಅತ್ತೆ, ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಾವನ ಆಯುಧಪೂಜೆಯ ಬಗ್ಗೆ ಹೇಳಬೇಕು. ಅವರ ಕಟ್ಟಳೆ ಒಂದೇ: ಪೂಜೆಗಿಟ್ಟ ಆಯುಧ ವಿಜಯದಶಮಿಯ ಬೆಳಗಿನವರೆಗೆ ಕೆಲಸ ಮಾಡಬಾರದು. ವರ್ಷವೆಲ್ಲ ದುಡಿದದ್ದಕ್ಕೆ ಒಂದು ದಿನ ರಜ. ಹಿಂದಿನ ವರ್ಷ ಯಜಮಾನರು ಪೂಜೆಯಾದ ಟಿಲ್ಲರನ್ನು ಮಧ್ಯಾಹ್ನವೇ ಹೊರಗೆ ತೆಗೆದು ಬೆಲ್ಟು ಕಿತ್ತುಹೋಗಿದ್ದಕ್ಕೆ ಸಂಕ್ರಾಂತಿವರೆಗೂ ಬೈಸಿಕೊಂಡಿದ್ದರು. ಟಿವಿ ಕೆಟ್ಟಿದ್ದರೂ ಅಷ್ಟೆ, ಪೂಜೆಗೆ ಮುಂಚೆ ಅದರ ಪ್ಲಗ್ಗು ಕೀಳುತ್ತಾರೆ. ಆಮೇಲೆ ಶಟರು ತೆರೆದು ವಿಭೂತಿ ಬಳಿದು ತೀರ್ಥ ಹಾಕುತ್ತಾರೆ. ನಮ್ಮ ಮಾವ ತೀರ್ಥ ಚಿಮುಕಿಸುವವರಲ್ಲ, ಎರಚುವವರು. ಸ್ಪ್ರೇಯರ್ ಕೂಡ ಅಷ್ಟು ದೂರ ಹೊಡೆಯುವುದಿಲ್ಲ.

"ಬೀಗದ ಕೈ ಎಗರ್ಸಿಬಿಡಣ" ಎಂದರು ಯಜಮಾನರು.

"ಉಡಿದಾರದಲ್ಲೈತೆ. ನೀನೇ ಹೋಗಿ ಬಿಚ್ಕೊಂಡ್ ಬಾ" ಎಂದರು ಅತ್ತೆ.

"ಬೀಗಕ್ಕೆ ಫೆವಿಕಾಲ್ ಹಾಕಿದ್ರೆ?" ಎಂದಳು ಚಂದನಾ.

ನಾನು ಮಣೆಯಿಲ್ಲದೆ ಬೋರಲು ಹಾಕಿದ ತಟ್ಟೆಯ ಮೇಲೆ ಒಬ್ಬಟ್ಟು ತಟ್ಟುತ್ತಿದ್ದೆ, ಒಂದೂ ದುಂಡಗೆ ಬರುತ್ತಿರಲಿಲ್ಲ. "ಮೊದ್ಲು ನನ್ ಮಣೆ ಕೊಡಿ" ಎಂದೆ. ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಲ್ಲರ ತಲೆಯೂ ಬೀಗದ ಕೈಯಲ್ಲೇ ಸಿಕ್ಕಿಕೊಂಡಿತ್ತು. ಹಾಗಾಗಿ ಮಾವ ಎಲ್ಲಿದ್ದಾರೆ ಎಂದು ನೋಡಲು ಯಾರಿಗೂ ತೋಚಲಿಲ್ಲ.

ಅಟ್ಟದ ಮೇಲಿಂದ ದನಿ ಬಂತು.

"ಕೀರ್ತೀ, ಬಾ ಇಲ್ಲಿ. ಪೂಜೆಗೆ ಬೂದುಗುಂಬಳ ಆರಿಸ್ತಿದ್ದೆ. ಒಂದ್ ಕಾಯಿ ಭಾಳ ಭಾರ ಐತೆ. ಇಳಿಸ್ಕೊ ಬಾ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಯಜಮಾನರು ನಿಜವಾಗಿಯೂ ಹೆಗಲು ಮುಟ್ಟಿಕೊಂಡರು. ಅತ್ತೆ ಸದ್ದಿಲ್ಲದೆ ಹಿತ್ತಲ ಬಾಗಿಲ ಕಡೆ ಸರಿದರು.

"ಕಾಂತಾ, ನೀನೂ ಇಲ್ಲೇ ಇರು" ಎಂದಿತು ಅಟ್ಟ.

ಗೋಣಿಚೀಲದ ಮೂಟೆ ಹಜಾರಕ್ಕೆ ಇಳಿಯಿತು. ಮಾವ ಏಣಿ ಇಳಿದು ಬಂದು ಚೀಲ ಬಿಚ್ಚಿ, ಹೆಗಲ ಮೇಲಿನ ಟವೆಲ್ಲಿನಿಂದ ಟ್ಯೂಬಿನ ಗಾಜನ್ನು ಒರೆಸಿದರು. ಆಮೇಲೆ ಉಡಿದಾರದಿಂದ ಕೀಲಿ ತೆಗೆದು ಶಟರು ಸರಿಸಿದರು. ಒಳಗೆ ಫ್ಯಾನುಗಳು ಬಣ್ಣಬಣ್ಣವಾಗಿ ತಿರುಗುತ್ತಿದ್ದವು.

"ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಹಂಗೈತೆ" ಎಂದರು. ದನಿಯಲ್ಲಿ ನಗುವಿರಲಿಲ್ಲ. "ಇದೇ ಏನು ನಿಮ್ ಮಿಣುಕುಹುಳ?"

ಕೀಲಿಯನ್ನು ಮತ್ತೆ ಉಡಿದಾರಕ್ಕೆ ಸಿಕ್ಕಿಸಿ ನಮ್ಮ ಕಡೆ ತಿರುಗಿದರು.

"ನಂಗೊಂದ್ ಮಾತು ಕೇಳಿದ್ರೆ ಬ್ಯಾಡ ಅಂತಿದ್ನಾ?"

"ಅಂತಿದ್ರಿ" ಎಂದರು ಅತ್ತೆ.

ಮಾವ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಅಂತಿದ್ದೆ. ಆದ್ರೂ ಕೇಳ್ಬೇಕಿತ್ತು."

ಆ ಮಾತಿಗೆ ನನಗೆ ಅಳು ಬಂತು. ಚಂದನಾ ಆಗಲೇ ಅಳುತ್ತಿದ್ದಳು. "ತಪ್ಪಾಯ್ತು ತಾತ. ನಾನೇ ಕೇಳ್ಬೇಕಿತ್ತು. ನಾಳೆನೇ ಎಲ್ಲ ಮೊದಲಿನ ಹಂಗೆ ಜೋಡಿಸಿಕೊಡ್ತೀನಿ. ಇವತ್ತೊಂದು ದಿನ ಆಫ್ ಮಾಡ್ಬೇಡಿ. ಅರ್ಧ ಆಗಿದೆ. ನಿಂತ್ರೆ ಮೊದಲಿಂದ ಶುರು ಆಗುತ್ತೆ, ದಿಗಂತ್ ಸಂಜೆ ಬರ್ತಾರೆ."

"ಟಿವಿ ಪೂಜೆ ತಪ್ಪಿಸಂಗಿಲ್ಲ. ಪೂಜೆ ಆದ್ಮೇಲೆ ಅದು ಇವತ್ತು ದುಡಿಯಂಗಿಲ್ಲ. ಗೊತ್ತೈತಲ್ಲ?"

"ಗೊತ್ತು ತಾತ."

ಮಾವ ಪ್ಲಗ್ಗಿನ ಕಡೆ ಬಗ್ಗಿದರು. ಚಂದನಾ ಕಣ್ಣು ಮುಚ್ಚಿಕೊಂಡಳು. ಪರದೆಯ ಮೇಲೆ ಆ ಬಿಳಿ ಟೋಪಿಯ ಮುದುಕ ಎರಡನೆಯ ಪಂಕ್ತಿಯಲ್ಲಿ ಕೂತು ಬಾಯಿ ಆಡಿಸುತ್ತಿದ್ದ. ಮಾವ ಅವನನ್ನು ನೋಡಿದರು. ಹಾಗೇ ಬಗ್ಗಿದ ಭಂಗಿಯಲ್ಲೇ ನಿಂತು ನೋಡಿದರು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದರು.

"ಕೀರ್ತೀ, ಒಂದ್ ಸ್ಟೂಲ್ ತಾ. ನಿನ್ನವ್ವನ ಕೈಲಿ ಒಂದ್ ಕಸೂತಿ ಬಟ್ಟೆ ಹಾಕ್ಸು ಅದರ ಮೇಲೆ."

ಸ್ಟೂಲು ಬಂತು. ಪಿಕ್ಚರ್ ಟ್ಯೂಬನ್ನು ಅದರ ಮೇಲೆ ಕೂರಿಸಿ ಹಿಂದೆ ಮುಂದೆ ದಿಂಬು ಕೊಟ್ಟರು. ಮಾವ ಅದಕ್ಕೆ ವಿಭೂತಿ ಎಳೆದು ಚೆಂಡುಹೂವಿನ ಹಾರ ಹಾಕಿದರು.

"ಚಿತ್ರ ಬರ್ತಿದ್ದದ್ದು ಇದರಲ್ಲಿ. ಊರೆಲ್ಲ ನೋಡಿದ್ದು ಇದನ್ನ. ಹಂಗಾಗಿ ಟಿವಿ ಅಂದ್ರೆ ಇದೇ. ಪೂಜೆನೂ ಇದಕ್ಕೆ. ಅದು" ಎಂದು ಮರದ ಪೆಟ್ಟಿಗೆಯತ್ತ ಗದ್ದ ತೋರಿಸಿದರು, "ಬರೀ ಪೆಟ್ಗೆ. ನನ್ ಪೂಜೇಲಿ ಅದಿಲ್ಲ. ದುಡಿದ್ರೆ ದುಡೀಲಿ. ಮುಂದಿನ ವರ್ಷ ನೋಡಣ."

ಚಂದನಾ ತಾತನ ಕಾಲಿಗೆ ಬೀಳಲು ಹೋಗಿ ಅವರ ಪಂಚೆಗೆ ಮುಖ ಒರೆಸಿಕೊಂಡಳು. ಪೂಜೆ ಸಾಂಗವಾಗಿ ಆಯಿತು. ತೀರ್ಥ ಎರಚುವಾಗ ಮಾತ್ರ ನಾನು, ಚಂದನಾ, ಯಜಮಾನರು ಮೂವರೂ ಜಮಖಾನ ಹಿಡಿದುಕೊಂಡು ಕಂಪ್ಯೂಟರಿಗೆ ಅಡ್ಡ ನಿಂತು ನೆನೆದೆವು. ಅಂಗಳದಲ್ಲಿ ಬೂದುಗುಂಬಳ ಒಡೆದರು.

ಅತ್ತೆಯ ಮುಖವನ್ನು ನೀವು ನೋಡಬೇಕಿತ್ತು. ಹಜಾರದ ಮೂಲೆಯಿಂದ ಒಂದು ಟಿವಿ ಓಡಿಸಲು ಹೊರಟವರಿಗೆ ಈಗ ಅಲ್ಲಿ ಎರಡು ಆಗಿದ್ದವು. ಅವರೇ ಕಸೂತಿ ಹಾಕಿದ ಬಟ್ಟೆ ಬೇರೆ ಅದಕ್ಕೆ ಆಸನ. "ಮಾಡಿದ್ದುಣ್ಣೋ ಮಹಾರಾಯ" ಎಂದು ಯಜಮಾನರು ಗೊಣಗಿ ಅವ್ವನಿಂದ ತಲೆಗೆ ಒಂದು ಮೊಟಕಿಸಿಕೊಂಡರು.

ಪಿಕಪ್ಪಿಗೂ ಪೂಜೆಯಾಗಿದ್ದರಿಂದ ವಿಡಿಯೊ ತಲುಪಿಸಲು ನಾವು ಹೋಗುವಂತಿರಲಿಲ್ಲ. ಸಂಜೆ ದಿಗಂತನೇ ಬೈಕಿನಲ್ಲಿ ಬಂದ. ಅಷ್ಟರಲ್ಲಿ ಪ್ರಸಾದಕ್ಕೆಂದು ರುದ್ರಮ್ಮ, ಅವಳ ಸೊಸೆ, ಎದುರು ಮನೆಯ ಪದ್ಮಯ್ಯ, ಬೀದಿಯ ಇನ್ನೊಂದಷ್ಟು ಜನ ಸೇರಿದ್ದರು. ಸ್ಟೂಲಿನ ಮೇಲಿನ ಟ್ಯೂಬು ಕಂಡು, "ಇದು ನಮ್ ಭಾನ್ವಾರದ ಟಿವಿ ಅಲ್ವಾ?" ಎಂದು ಒಬ್ಬೊಬ್ಬರೇ ಕೂತರು. "ಮೇಡಂ, ಒಂದ್ಸಲ ಪೂರ್ತಿ ನೋಡಿಬಿಡ್ತೀನಿ" ಎಂದು ದಿಗಂತನೂ ಚಾಪೆಯ ಮೇಲೆ ಕೂತ. ಚಂದನಾ ಉಗುರು ಕಚ್ಚುತ್ತಾ ನಿಂತಳು. ಅಂಗಳದಲ್ಲಿ ಚಪ್ಪಲಿ ರಾಶಿ ಬಿತ್ತು. ಮಾವ ಪಂಚೆ ಸರಿಮಾಡಿಕೊಂಡು ಪರದೆಯ ಪಕ್ಕ, ತಮ್ಮ ಹಳೆಯ ಜಾಗದಲ್ಲಿ ನಿಂತರು.

ವಿಡಿಯೊ ಶುರುವಾಯಿತು. ಬಿಳಿ ಟೋಪಿ ಮೂರನೆಯ ಪಂಕ್ತಿಗೆ ಕೂತಾಗ ಹಜಾರ ಘೊಳ್ಳೆಂದು ನಕ್ಕಿತು. ಪದ್ಮಯ್ಯನಿಗೆ ಕೆಮ್ಮು ಹತ್ತಿತು. ಹುಡುಗಿಯ ತಾಯಿ ಕಣ್ಣೊರೆಸಿಕೊಂಡಾಗ ರುದ್ರಮ್ಮ ಸೆರಗು ಹುಡುಕಿದಳು. ದಿಗಂತ್ ಪರದೆಯಿಂದ ಕಣ್ಣು ಕೀಳದೆಯೇ, "ಮೇಡಂ, ಕಾರ್ತಿಕದಲ್ಲಿ ಎರಡು ಮದುವೆ ಇವೆ. ಎರಡೂ ನೀವೇ ಇಟ್ಕೊಳ್ಳಿ" ಎಂದ. ಚಂದನಾ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು.

ಮಾವನ ಎದೆ ಉಬ್ಬಿತ್ತು. ಹಳೆಯ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು.

"ಕಾಂತಾ, ಎಲ್ರಿಗೂ ಕಾಫಿ!"

ಅತ್ತೆ ಅಲ್ಲಿರಲಿಲ್ಲ. ಅವರು ಎಲ್ಲರಿಗಿಂತ ಮುಂದೆ, ಪರದೆಯ ನೇರಕ್ಕೆ, ಕೂರುವ ಮಣೆ ಹಾಕಿಕೊಂಡು ಕಾಲು ಚಾಚಿ ಕೂತಿದ್ದರು. ಕತ್ತು ತಿರುಗಿಸದೆಯೇ ಸೊಂಟದಿಂದ ಇಲಿ ಗೂಡಿನ ಆ ಚಮಚ ತೆಗೆದು ಗಂಡನ ಕಡೆಗೆ ಚಾಚಿದರು.

"ಹಾಲು ಒಲೆ ಪಕ್ಕ ಐತೆ. ನೀವೇ ಕಾಯ್ಸಿ."

ಇಡೀ ಬೀದಿಯ ಎದುರಿಗೆ ಮಾವ ಚಮಚ ಹಿಡಿದು ನಿಂತರು. ನಾನು ಏಳಲು ಹೋದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. ಮಾವ ಒಮ್ಮೆ ಜನರನ್ನು, ಒಮ್ಮೆ ಹೆಂಡತಿಯ ಬೆನ್ನನ್ನು ನೋಡಿ ಒಳಗೆ ಹೋದರು. ಪಾತ್ರೆಗಳು ಒಂದಾದ ಮೇಲೊಂದು ಬಿದ್ದವು. ಹಾಲು ಉಕ್ಕಿದ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವರ ತಲೆ ಕಾಣಿಸಿತು.

"ಕಾಂತಾ, ಸಕ್ಕರೆ ಎಲ್ಲೈತೆ?"

"ಶ್! ಸುಮ್ನಿರಿ," ಎಂದರು ಅತ್ತೆ. "ಧಾರೆ ಆಯ್ತಾ ಐತೆ."